ಇನ್ನೊಂದು ಜೇಬು

"ಅಂಗಿ ಕತ್ತರಿಸಲೇಬೇಕಮ್ಮ, ತೋಳು ಎತ್ತಿಸೋಕಾಗಲ್ಲ," ಎಂದು ನರ್ಸ್ ಹೇಳಿ ಮುಗಿಸುವಷ್ಟರಲ್ಲಿ ಕತ್ತರಿ ತೋಳಿನ ತುದಿಯಿಂದ ಕೊರಳವರೆಗೆ ಬಂದಾಗಿತ್ತು. ಮಗ ಹಲ್ಲು ಕಚ್ಚಿಕೊಂಡು ಛಾವಣಿಯ ದೀಪ ನೋಡುತ್ತಿದ್ದ. ಬಲಭುಜದ ದುಂಡುತನ ಹೋಗಿ ಅಲ್ಲೊಂದು ಮೂಲೆ ಎದ್ದಿತ್ತು, ಮೇಜಿನ ಮೂಲೆಯ ಹಾಗೆ.

ನರ್ಸ್ ಅಂಗಿಯನ್ನು ತಾಯಿಯ ಕೈಗೆ ಕೊಟ್ಟಳು. ತಾಯಿಯ ಬೆರಳು ತಾನಾಗಿಯೇ ಒಂದು ಜೇಬಿಗೆ ಇಳಿಯಿತು. ಲಾಂಡ್ರಿಯಲ್ಲಿ ಕೆಲಸ ಮಾಡುವವಳು ಅವಳು. ಬಟ್ಟೆ ನೀರಿಗೆ ಬೀಳುವ ಮೊದಲು ಜೇಬು ನೋಡಬೇಕು ಎನ್ನುವುದು ಅಲ್ಲಿನ ಮೊದಲ ಪಾಠ. ಸಿಕ್ಕಿದ್ದು ಒಂದು ಮೋಟು ಪೆನ್ಸಿಲ್ಲು, ಮರ ಉಜ್ಜುವ ಕಾಗದದ ಒಂದು ತುಂಡು. ಇನ್ನೊಂದು ಜೇಬಿಗೆ ಕೈ ಹೋಗುತ್ತಿತ್ತು, ಆಗ ನರ್ಸ್ ಕೇಳಿದಳು:

"ಯಾವುದಾದ್ರೂ ಮದ್ದು ಇವರಿಗೆ ಆಗಿಬರಲ್ವಾ?"

"ಆ ಜೋರು ನೋವಿಗೆ ಕೊಡ್ತೀರಲ್ಲ, ಆ ಇಂಜೆಕ್ಷನ್ ಆಗಲ್ಲ," ಅಂದಳು ತಾಯಿ.

"ಕೊಟ್ರೆ ಏನಾಗುತ್ತೆ?"

ತಾಯಿ ಮಂಚದ ಕಾಲಬುಡದಲ್ಲಿ ನಿಂತಿದ್ದ ಮೇಸ್ತ್ರಿಯನ್ನು ನೋಡಿದಳು. ಮಗ ಬಡಗಿ ಕೆಲಸಕ್ಕೆ ಹೋಗುತ್ತಿದ್ದುದು ಇವನ ಹತ್ತಿರವೇ. ಗೋಡೆಗೆ ಕಪಾಟು ಕೂರಿಸುವಾಗ ಏಣಿ ಜಾರಿ ಬಿದ್ದವನನ್ನು ತನ್ನ ವ್ಯಾನಿನಲ್ಲಿ ಹಾಕಿಕೊಂಡು, ದಾರಿಯಲ್ಲಿ ಅವಳನ್ನೂ ಹತ್ತಿಸಿಕೊಂಡು ಬಂದಿದ್ದ. ಮೇಸ್ತ್ರಿಯ ಕೂದಲಲ್ಲಿ ಇನ್ನೂ ಮರದ ಹೊಟ್ಟಿತ್ತು.

"ಮೈಯೆಲ್ಲಾ ದದ್ದು ಏಳುತ್ತೆ," ಅಂದಳು. "ಮುಖ ಊದಿಕೊಳ್ಳುತ್ತೆ."

ನರ್ಸ್ ಮಗನ ಎಡಗೈ ಮಣಿಕಟ್ಟಿಗೆ, ಮದ್ದು ಆಗದವರಿಗೆ ಹಾಕುವ ಒಂದು ಕೆಂಪು ಪಟ್ಟಿ ಸುತ್ತಿದಳು. ಮಗ ಪಟ್ಟಿಯನ್ನು ನೋಡಿದ, ಅಮ್ಮನನ್ನು ನೋಡಿದ, ಮತ್ತೆ ದೀಪದ ಕಡೆ ತಿರುಗಿದ.

ಹಿಂದೊಮ್ಮೆ ಹೀಗೆಯೇ ಅವನು ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ಮೂಳೆ ಕೂಡಿತು, ನೋವಿನ ಮದ್ದು ಮಾತ್ರ ಅವನನ್ನು ಬಿಟ್ಟು ಹೋಗಲಿಲ್ಲ. ನೋವಿಲ್ಲದ ದಿನವೂ ಅದು ಬೇಕಾಯಿತು. ಊಟ ಬೇಡವಾಯಿತು, ಕೆಲಸ ಹೋಯಿತು, ಮಾತಿಗೆ ಮೊದಲು ಸುಳ್ಳು ಬರತೊಡಗಿತು. ಅವನ ಜೇಬಿನಲ್ಲಿ ಮಾತ್ರೆಯ ಬೆಳ್ಳಿಹಾಳೆ ಸರಗುಟ್ಟಿದರೆ ಅವಳ ಎದೆಯಲ್ಲಿ ಏನೋ ಕಳಚಿ ಬೀಳುತ್ತಿತ್ತು. ಚಟ ಬಿಡಿಸುವ ಆಸ್ಪತ್ರೆಯಿಂದ ಹಿಂದಿರುಗಿದ ಮೇಲೆ ಸಿಕ್ಕ ಮೊದಲ ಕೆಲಸ ಇದು. ಮೇಸ್ತ್ರಿಗೆ ಇದೊಂದೂ ಗೊತ್ತಿರಲಿಲ್ಲ. ಒಂದೇ ಒಂದು ಸೂಜಿ ಮೈಗೆ ಇಳಿದರೆ ಎಲ್ಲ ಮತ್ತೆ ಮೊದಲಿಂದ ಶುರುವಾಗುತ್ತದೆ ಎಂದು ತಾಯಿ ನಂಬಿದ್ದಳು.

ಡಾಕ್ಟರು ಬಂದರು. ಕನ್ನಡಕ ತಲೆಯ ಮೇಲಿದ್ದ ಕಿರಿಯ ಹೆಂಗಸು. ಮಗನ ಮೊಣಕೈ ಹಿಡಿದು ನಿಧಾನವಾಗಿ ಹೊರಗೆ ತಿರುಗಿಸಲು ನೋಡಿದರು. ಅವನ ಬಾಯಿಂದ ಬಂದ ಸದ್ದಿಗೆ ಪಕ್ಕದ ಮಂಚದ ಮುದುಕ ಎದ್ದು ಕುಳಿತ.

"ಕಲ್ಲಾಗಿಬಿಟ್ಟಿದೆ ಸ್ನಾಯು," ಅಂದರು ಡಾಕ್ಟರು. "ಇದು ಸಡಿಲ ಆಗದೆ ತಪ್ಪಿದ ಕೀಲು ಒಳಗೆ ಹೋಗಲ್ಲ. ಆ ಇಂಜೆಕ್ಷನ್ ಬೇಡ ಅಂದ್ರೆ ಬೇರೆ ಇದೆ, ಅದೇ ಜಾತಿಯದ್ದು..."

"ಅದೂ ಆಗಲ್ಲ," ಅಂದಳು ತಾಯಿ.

"ಅದನ್ನ ಕೊಟ್ಟು ನೋಡಿದ್ದಾರಾ? ಯಾರು ಹೇಳಿದ್ರು ನಿಮಗೆ?"

ಒಂದು ಸುಳ್ಳಿಗೆ ಇನ್ನೊಂದರ ಊರುಗೋಲು ಬೇಕು. ಅದನ್ನು ತಾಯಿ ಹುಡುಕುವಷ್ಟರಲ್ಲಿ ಡಾಕ್ಟರು ಮಗನ ಬೆರಳುಗಳನ್ನು ಒತ್ತಿ, "ಜೋಮು ಹಿಡೀತಿದೆಯಾ?" ಎಂದು ಕೇಳಿದರು. ಅವನು ಹೌದೆಂದು ತಲೆಯಾಡಿಸಿದ.

"ತುಂಬಾ ಹೊತ್ತು ಹೀಗೇ ಬಿಡೋಕಾಗಲ್ಲಮ್ಮ. ಆಗ್ಲಿಲ್ಲ ಅಂದ್ರೆ ಮೇಲೆ ಆಪರೇಷನ್ ಥಿಯೇಟರಿಗೆ ಕರ್ಕೊಂಡು ಹೋಗಿ ಪೂರ್ತಿ ಮತ್ತು ಬರಿಸಿ ಮಲಗಿಸಬೇಕಾಗುತ್ತೆ. ಅಲ್ಲಿ ಏನು ಕೊಡ್ತಾರೆ ಅನ್ನೋದನ್ನ ಅಲ್ಲಿಯವರೇ ನೋಡ್ಕೋತಾರೆ." ನರ್ಸ್ ಕಡೆ ತಿರುಗಿದರು. "ಅಷ್ಟರಲ್ಲಿ ಸೂಜಿ ಡಾಕ್ಟ್ರನ್ನ ಕರೀರಿ."

ವಾರ್ಡಿನವರು ಹಾಗೆ ಕರೆಯುತ್ತಿದ್ದ ಅಕ್ಯುಪಂಕ್ಚರ್ ಡಾಕ್ಟರು ಒಂದು ಸಣ್ಣ ಟ್ರೇ ಹಿಡಿದು ಬಂದರು. ನರೆತ ಕೂದಲು, ಸದ್ದಿಲ್ಲದ ಚಪ್ಪಲಿ. ಸೂಜಿ ಎಂದ ಕೂಡಲೇ ತಾಯಿ ಮಂಚಕ್ಕೆ ಅಡ್ಡ ನಿಂತಳು.

"ಇದರಲ್ಲಿ ಮದ್ದಿಲ್ಲಮ್ಮ, ನೋಡಿ," ಎಂದು ಆಕೆ ಒಂದನ್ನು ತೆಗೆದು ತೋರಿಸಿದರು. ಕೂದಲೆಳೆಯಷ್ಟು ತೆಳ್ಳಗಿತ್ತು. "ತೂತೂ ಇಲ್ಲ. ಬರೀ ಸೂಜಿ."

"ಇದರಿಂದ ನೋವು ಹೋಗುತ್ತಾ?"

"ಹೋಗುತ್ತೆ ಅಂತ ಬರೆದು ಕೊಡಲ್ಲ. ಕೆಲವರಿಗೆ ಕಮ್ಮಿ ಆಗುತ್ತೆ, ಹೆದರಿಕೆ ಇಳಿಯುತ್ತೆ. ಹೆದರಿಕೆ ಇಳಿದ್ರೆ ಮೈ ಬಿಗಿ ಬಿಡುತ್ತೆ. ಅಷ್ಟಾದ್ರೆ ನಮಗೆ ಸಾಕು."

ಮಗ ಮೊದಲ ಸಲ ಮಾತಾಡಿದ. "ಏನು ಡಾಕ್ಟ್ರೇ, ಮೊಳೆ ಹೊಡೆಯೋನಿಗೇ ಮೊಳೆ ಹೊಡೀತೀರಾ?"

"ಸುತ್ತಿಗೆ ತಂದಿಲ್ಲ, ಹೆದರಬೇಡಿ."

ಮೇಸ್ತ್ರಿ ಕಿಸಕ್ಕನೆ ನಕ್ಕ. ಹುಬ್ಬುಗಳ ನಡುವೆ ಒಂದು ಸೂಜಿ, ಕಿವಿಗಳಲ್ಲಿ ಕೆಲವು, ಎಡಗೈ ಹೆಬ್ಬೆರಳ ಬುಡದಲ್ಲಿ ಒಂದು. ಪ್ರತಿಯೊಂದಕ್ಕೂ ತಾಯಿ, "ನೋವಾಗ್ತಿದೆಯಾ ಪುಟ್ಟು?" ಎಂದು ಕೇಳಿದಳು. ಕೇಳಿದಾಗಲೆಲ್ಲ, ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರದ ಆ ಪುಟ್ಟುವಿನ ಭುಜ ಇನ್ನಷ್ಟು ಬಿಗಿಯಿತು. ಸೂಜಿ ಡಾಕ್ಟರು ಅದನ್ನು ಗಮನಿಸಿದರು.

"ಅಮ್ಮ, ಸ್ವಲ್ಪ ಹೊರಗಿರ್ತೀರಾ?"

"ನಾನು ಮಾತಾಡಲ್ಲ. ಸುಮ್ಮನೆ ನಿಂತಿರ್ತೀನಿ."

"ನೀವು ಉಸಿರು ಬಿಗಿಹಿಡಿದ್ರೆ ಅವರೂ ಹಿಡೀತಾರೆ. ನೋಡ್ಕೊಳ್ಳಿ, ನೀವು ಎಷ್ಟೊತ್ತಿನಿಂದ ಉಸಿರೇ ಬಿಟ್ಟಿಲ್ಲ."

ನಿಜ. ಆದರೂ ಅವಳ ಕಾಲು ಕದಲಲಿಲ್ಲ. ತಾನು ಪರದೆಯಾಚೆ ಹೋದ ಕ್ಷಣವೇ ಇವನು ಮದ್ದು ಕೇಳಿಬಿಟ್ಟರೆ? ಕೇಳುವ ಬಗೆ ಅವಳಿಗೆ ಗೊತ್ತಿತ್ತು: ಮೆತ್ತಗೆ, ಮುದ್ದಾಗಿ, ಎಂಥ ಕಲ್ಲೂ ಕರಗುವ ಹಾಗೆ. ಎಷ್ಟೋ ಸಲ ಅವಳೇ ಕರಗಿದ್ದಳು.

"ಹೋಗಮ್ಮ," ಅಂದ ಮಗ, ಕಣ್ಣು ಮುಚ್ಚಿಕೊಂಡೇ.

ಅವಳು ಹೋದಳು. ನೀಲಿ ಪರದೆ ಸರ್ರನೆ ಮುಚ್ಚಿಕೊಂಡಿತು. ಅದರ ಕೆಳಗೆ ಸೂಜಿ ಡಾಕ್ಟರ ಚಪ್ಪಲಿ ಮಾತ್ರ ಕಾಣುತ್ತಿತ್ತು. ಹಿಂದೆಯೇ ಹೊರಬಂದ ಮೇಸ್ತ್ರಿ ಅವಳಿಗೊಂದು ಸ್ಟೂಲು ಎಳೆದು ಕೊಟ್ಟ. "ಕೂತ್ಕೊಳ್ಳಿ ಅಕ್ಕ. ನಿಮ್ಮ ಮಗನ ಕೈ ಸರಿ ಹೋಗ್ಲೇಬೇಕು. ಬಾಗಿಲಿಗೆ ಕೀಲು ಕೂರಿಸೋದ್ರಲ್ಲಿ ಅವನನ್ನ ಬಿಟ್ರೆ ಇಲ್ಲ. ಉಳಿದವು ನನ್ನ ಹತ್ರ ಇರೋದು, ಕೋತಿಗಳು."

ಅವಳು ಕೂರಲಿಲ್ಲ. "ನೀವು ಒಂದು ಟೀ ಕುಡಿದು ಬನ್ನಿ ಮೇಸ್ತ್ರಿಗಳೇ. ನಾನಿರ್ತೀನಿ."

"ಟೀ ಎಲ್ಲಿ ಓಡಿಹೋಗುತ್ತೆ?" ಅವನು ಗೋಡೆಗೆ ಒರಗಿ ನಿಂತ.

ಕಿರಿಯ ಡಾಕ್ಟರ ಬಿಳಿ ಬೂಟು ಪರದೆಯೊಳಗೆ ಹೋಯಿತು. ಆಮೇಲೆ ಅವರ ದನಿ: "ಮೊದಲಿಗಿಂತ ಪರವಾಗಿಲ್ಲ. ಕೀಲಿನ ಹತ್ರ ಮಾತ್ರ ಮರಗಟ್ಟೋ ಮದ್ದು ಕೊಟ್ಟು ಇನ್ನೊಂದು ಸಲ ನೋಡ್ತೀನಿ. ಅದು ಅಲ್ಲೇ ಉಳಿಯುತ್ತೆ. ಆದ್ರೆ ಅದಕ್ಕೂ ಮೊದಲು ನೀವೇ ಹೇಳಿ. ಆ ಇಂಜೆಕ್ಷನ್‌ಗೆ ದದ್ದು ಏಳೋದು ನಿಜಾನಾ? ಮೇಲೆ ಕಳಿಸಬೇಕಾದ್ರೆ ಸುಳ್ಳು ಮಾಹಿತಿ ಪ್ರಾಣ ತೆಗೆಯುತ್ತೆ."

ತಾಯಿ ಪರದೆಯ ಅಂಚು ಹಿಡಿದಳು. ಸರಿಸಲಿಲ್ಲ.

"ದದ್ದೂ ಇಲ್ಲ, ಗಿದ್ದೂ ಇಲ್ಲ," ಅಂದ ಮಗ. ದನಿ ನಿಧಾನವಾಗಿತ್ತು, ನಿದ್ದೆಯ ಅಂಚಿನಲ್ಲಿ ಇದ್ದವನಂತೆ. "ನಂಗೆ ಅದು ಇಷ್ಟ ಡಾಕ್ಟ್ರೇ. ಅದೇ ತೊಂದರೆ. ಅದಕ್ಕೆ ಅಂತ ಆಸ್ಪತ್ರೇಲಿ ಇದ್ದು ಬಂದಿದೀನಿ. ಅಮ್ಮ ನನ್ನ ಮಾನ ಉಳಿಸೋಕೆ ಹಾಗಂದಳು."

ಯಾರೋ ಕತ್ತರಿ ಎತ್ತಿಕೊಂಡ ಸದ್ದು. ಕೆಂಪು ಪಟ್ಟಿ ನೆಲಕ್ಕೆ ಬಿದ್ದು, ಪರದೆಯ ಕೆಳಗೆ ಅರ್ಧ ಕಾಣಿಸಿತು.

"ಈಗ ಎಳೀತೀರಲ್ಲ," ಮಗ ಮುಂದುವರಿಸಿದ, "ಆಗ ನಾನು ಕೇಳ್ತೀನಿ. ಕಾಲು ಹಿಡೀತೀನಿ. ಕೊಡಬೇಡಿ."

ಮೇಸ್ತ್ರಿ ಗೋಡೆಯಿಂದ ಬೆನ್ನು ತೆಗೆದಿದ್ದ. ತಾಯಿ ಅವನ ಮುಖ ನೋಡಲಿಲ್ಲ. ಕೈಯಲ್ಲಿದ್ದ ಅಂಗಿ ಹಿಂಡುತ್ತ ನೆಲದ ಪಟ್ಟಿಯನ್ನೇ ನೋಡುತ್ತಿದ್ದಳು.

ಒಳಗೆ ಮಂಚ ಕಿರುಗುಟ್ಟಿತು. "ಬಿಡಿ ಉಸಿರು... ಇನ್ನೂ ಬಿಡಿ," ಎನ್ನುತ್ತಿದ್ದರು ಸೂಜಿ ಡಾಕ್ಟರು. ನರಳಾಟ. ಮತ್ತೆ ನರಳಾಟ. ಆಮೇಲೆ ಅದೇ ದನಿ ಬಂತು, ಮೆತ್ತಗೆ, ಮುದ್ದಾಗಿ: "ಡಾಕ್ಟ್ರೇ, ಒಂದೇ ಒಂದು. ಇದೊಂದು ಸಲ. ಕೊಟ್ಬಿಡಿ, ಪ್ಲೀಸ್."

ತಾಯಿಯ ಕೈ ಪರದೆಯನ್ನು ಅರ್ಧ ಎಳೆದಿತ್ತು. ಮೇಸ್ತ್ರಿ ಅವಳ ಮಣಿಕಟ್ಟು ಹಿಡಿದ. ಬಿಗಿಯಾಗಿ ಅಲ್ಲ. "ಇರಿ ಅಕ್ಕ. ಕೇಳ್ತೀನಿ ಅಂತ ಅವನೇ ಹೇಳಿದಾನಲ್ಲ."

"ಕೊಡಲ್ಲಪ್ಪ," ಅಂದರು ಕಿರಿಯ ಡಾಕ್ಟರು ಒಳಗೆ. "ನೀವೇ ಬೇಡ ಅಂದಿದ್ದು. ಉಸಿರು ಬಿಡಿ."

ಒಂದು ದೀರ್ಘ ಉಸಿರು ಕೇಳಿತು. ಅದರ ಕೊನೆಯಲ್ಲಿ, ಡ್ರಾಯರು ತನ್ನ ಜಾಗಕ್ಕೆ ಹೋಗಿ ಕೂತಂತೆ, ಒಂದು ಮಂದ ಸದ್ದು. ಆಮೇಲೆ ಮಗ ಅತ್ತ. ಕಾಲು ಮುರಿದಾಗಲೂ ಅವನು ಹಾಗೆ ಅತ್ತಿರಲಿಲ್ಲ.

ತಾಯಿ ಆಗ ಸ್ಟೂಲಿನ ಮೇಲೆ ಕುಳಿತಳು. ಮೇಸ್ತ್ರಿ ತಲೆಯ ಹೊಟ್ಟು ಕೊಡವಿಕೊಂಡ. ಆಮೇಲೆ ಅಂದ: "ಆ ಕಪಾಟಿಗೆ ಬಾಗಿಲು ಇನ್ನೂ ಹಾಕಿಲ್ಲ. ಕೈ ವಾಸಿಯಾದ ಮೇಲೆ ಅವನೇ ಬಂದು ಹಾಕ್ಲಿ. ಅಲ್ಲೀವರೆಗೂ ಹಾಗೇ ಇರ್ಲಿ, ಬಾಯಿ ಬಿಟ್ಕೊಂಡು."

ಅವಳು ತಲೆಯಾಡಿಸಿದಳು.

ಎಕ್ಸ್‌ರೇ ಮುಗಿದು ಹೊರಡುವ ಹೊತ್ತಿಗೆ ಕಿಟಕಿಯಲ್ಲಿ ಬಿಸಿಲು ಓರೆಯಾಗಿತ್ತು. ಮಗನ ಕೈ ಕೊರಳಿನಿಂದ ಇಳಿಬಿದ್ದ ಪಟ್ಟಿಯಲ್ಲಿ ತೂಗುತ್ತಿತ್ತು. ಹುಬ್ಬುಗಳ ನಡುವೆ ಒಂದು ಕೆಂಪು ಚುಕ್ಕೆ ಉಳಿದಿತ್ತು. ವ್ಯಾನಿನ ಹಿಂದಿನ ಸೀಟಿನಲ್ಲಿ ಅವನು ಅಮ್ಮನ ಪಕ್ಕ ಕೂತು, ತಲೆ ಹಿಂದಕ್ಕೆ ಒರಗಿಸಿದ.

"ಮೊಣಕೈ ಕೆಳಗೆ ಏನಾದ್ರೂ ಮೆತ್ತಗಿದ್ರೆ ಕೊಡಮ್ಮ. ಕುಲುಕುತ್ತೆ."

ಮೆತ್ತಗಿದ್ದದ್ದು ಕತ್ತರಿಸಿದ ಅಂಗಿಯೊಂದೇ. ಮಡಚಲು ಅದನ್ನು ತೊಡೆಯ ಮೇಲೆ ಹರಡಿದಳು. ನೋಡದೆ ಉಳಿದಿದ್ದ ಜೇಬು ಅಂಗೈಯಡಿ ಸಣ್ಣಗೆ ಸರಗುಟ್ಟಿತು, ಮಾತ್ರೆಯ ಬೆಳ್ಳಿಹಾಳೆಯ ಹಾಗೆ. ಬೆರಳುಗಳು ಜೇಬಿನ ಬಾಯಿಗೆ ಹೋಗಿ ನಿಂತವು. ಮಗ ಕಣ್ಣು ತೆರೆದು ಅವಳ ಕೈಯನ್ನೇ ನೋಡುತ್ತಿದ್ದ.

ಅವಳು ಜೇಬು ಒಳಗೆ ಬರುವಂತೆ ಅಂಗಿಯನ್ನು ಮಡಚಿದಳು, ಇನ್ನೊಮ್ಮೆ ಮಡಚಿದಳು, ಅವನ ಮೊಣಕೈ ಎತ್ತಿ ಅಡಿಯಲ್ಲಿ ಇಟ್ಟಳು. ಹಳ್ಳದಿಣ್ಣೆಯಲ್ಲಿ ವ್ಯಾನು ಕುಲುಕಿದಾಗಲೆಲ್ಲ ಅಂಗಿಯೊಳಗಿಂದ ಆ ಸಣ್ಣ ಸದ್ದು ಬರುತ್ತಿತ್ತು. ಅವಳು ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತ ಕುಳಿತಳು.