ತಟ್ಟದೆ ತಂದ ವ್ಯಾನು

ದುಂಡು ಮೂತಿಯ ಆ ಹಳೆಯ ವ್ಯಾನು ಓಣಿಯ ತಿರುವಿಗೆ ಬಂದಾಗ, ಅಂಗಳದ ಕಡೆಯ ಕೋಣೆಯಲ್ಲಿ ಮಲಗಿದ್ದ ಹೆಂಗಸು ಮೊದಲು ಅದರ ಸದ್ದನ್ನು ಕೇಳಿದಳು. ಆಮೇಲೆ, ಕಿಟಕಿಯ ಚೌಕಟ್ಟಿಗೆ ಗಂಡ ಓರೆಯಾಗಿ ಕಟ್ಟಿಕೊಟ್ಟಿದ್ದ ಕನ್ನಡಿಯಲ್ಲಿ ಅದರ ರೂಪವನ್ನು ಕಂಡಳು. ಮೇಲರ್ಧ ಹಾಲಿನ ಬಣ್ಣ, ಕೆಳಗರ್ಧ ತಿಳಿಹಸಿರು, ನಡುವೆ ಎಲ್ಲಿಯೂ ಕಡಿಯದೆ ಸುತ್ತಿಬಂದ ಬೆಳ್ಳಿಯ ಪಟ್ಟಿ. ಇಂಥ ವ್ಯಾನುಗಳು ರಸ್ತೆಯಿಂದ ಮರೆಯಾಗಿ ಒಂದು ತಲೆಮಾರೇ ಕಳೆದಿತ್ತು. ಗಂಡ ಇಳಿದು ಬಾಗಿಲು ಮುಚ್ಚಿದ ಬಗೆಯಲ್ಲಿಯೇ, ಮಗುವನ್ನು ಮಲಗಿಸಿ ಬಂದವನ ನಯವಿತ್ತು.

"ತಟ್ಟಿ ನೋಡಿದ್ರಾ?" ಎಂಬುದು ಅವಳ ಮೊದಲ ಮಾತು.

"ಯಾರ ಗಾಡಿ ಅಂದ್ಕೊಂಡೆ? ಕಿವಿ ಮೇಷ್ಟ್ರದು."

"ಅದು ಗೊತ್ತು. ತಟ್ಟಿ ನೋಡಿದ್ರಾ ಅಂತ ಕೇಳಿದ್ದು."

"ಅವರ ಮುಂದೆ ಸುತ್ತಿಗೆ ತೆಗೆಯೋದಾ? ನಿಂಗೇನು ತಲೆ ಕೆಟ್ಟಿದ್ಯಾ?"

"ಕೆಟ್ಟಿರೋದು ಬೆನ್ನು ಕಣ್ರೀ. ತಲೆ ನೆಟ್ಟಗೇ ಇದೆ."

ಗಂಡ ವಾಹನ ಪರೀಕ್ಷಾ ಕಚೇರಿಯಿಂದ ನಿವೃತ್ತನಾದವನು. ಆಯುಷ್ಯದ ಬಹುಪಾಲನ್ನು ಅವನು ಕಚೇರಿಯ ಅಂಗಳದ ಗುಂಡಿಯೊಳಗೆ ನಿಂತು, ತಲೆಯ ಮೇಲೆ ಬಂದು ನಿಲ್ಲುವ ಗಾಡಿಗಳ ಹೊಟ್ಟೆಯನ್ನು ಒಂದು ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಕಳೆದಿದ್ದ. ಗಟ್ಟಿ ಕಬ್ಬಿಣ ತಟ್ಟಿದರೆ ಹಾಡುತ್ತದೆ. ತುಕ್ಕು ತಿಂದದ್ದು ಹೂಂಗುಟ್ಟುತ್ತದೆ. ಹೂಂಗುಟ್ಟಿದ ಗಾಡಿಯ ಮುಂಗಾಜಿನ ಮೇಲೆ ಸೀಮೆಸುಣ್ಣದಿಂದ ದೊಡ್ಡದೊಂದು ಕತ್ತರಿ ಗುರುತು ಬೀಳುತ್ತಿತ್ತು. ಬರೆದವನೇ ಬಂದು ಒರೆಸುವ ತನಕ ಆ ಗಾಡಿ ಗೇಟು ದಾಟುವಂತಿರಲಿಲ್ಲ. ಮಾಲೀಕ ಅತ್ತು ಕರೆದರೂ ಅಷ್ಟೆ, ಮೇಲಿನವರು ಕಣ್ಣು ಕೆಂಪಗೆ ಮಾಡಿದರೂ ಅಷ್ಟೆ.

ಆ ಕಚೇರಿಯವರಲ್ಲಿ ಬರೆಯದ ಒಂದು ಕಟ್ಟಳೆಯಿತ್ತು: ಜೊತೆಯವನ ಸ್ವಂತ ಗಾಡಿಗೆ ಸುತ್ತಿಗೆ ಎತ್ತಬಾರದು. ಸರಿಯಿದೆ ಎಂದು ಅವನು ಹೇಳಿದರೆ ಸರಿಯಿದೆ. ಮತ್ತೆ ತಟ್ಟಿ ನೋಡುವುದೆಂದರೆ ಅವನ ಮಾತನ್ನೇ ಸುಳ್ಳೆಂದು ಸಾರಿದಂತೆ. ಕಿವಿ ಮೇಷ್ಟ್ರಂತೂ ಅವರೆಲ್ಲರಿಗೂ ಸುತ್ತಿಗೆ ಹಿಡಿಯಲು ಕಲಿಸಿದ ಹಿರಿಯರು. ಕಬ್ಬಿಣದ ದನಿ ಕೇಳಿಯೇ ತುಕ್ಕು ಯಾವ ಮೂಲೆಯಿಂದ ಹೊರಟಿದೆಯೆಂದು ಹೇಳಬಲ್ಲವರೆಂಬ ಖ್ಯಾತಿಯಿಂದ ಅವರಿಗೆ ಆ ಹೆಸರು ಅಂಟಿತ್ತು. ವ್ಯಾನನ್ನು ಒಪ್ಪಿಸುವಾಗ ಅವರು ಎದೆಯುಬ್ಬಿಸಿ, ಓಣಿಗೆಲ್ಲ ಕೇಳುವಂತೆ, "ನಾನೇ ತಟ್ಟಿದೀನಿ ಕಣಯ್ಯ. ಗಂಟೆ ಹಂಗಿದೆ" ಎಂದಿದ್ದರು. ಅವರು ದನಿಯೇರಿಸಿ ಮಾತಾಡಿದ್ದನ್ನು ಇವನು ವಯಸ್ಸಿನ ಉತ್ಸಾಹವೆಂದು ಬಗೆದಿದ್ದ.

ವ್ಯಾನು ಬೇಕಾದದ್ದು ಶೋಕಿಗಲ್ಲ. ಬೆಟ್ಟದಾಚೆಯ ಊರಿನಲ್ಲಿ ಹೆಂಡತಿಯ ಅಕ್ಕನಿದ್ದಳು. ತಾಯಿ ಇಲ್ಲದ ತಂಗಿಯನ್ನು ಸಾಕಿದ ಆ ಅಕ್ಕ ಈಗ ಹಾಸಿಗೆಯಿಂದ ಏಳುತ್ತಿರಲಿಲ್ಲ. ಬೆನ್ನುಮೂಳೆ ಕೈಕೊಟ್ಟ ಈ ತಂಗಿ ಕುಳಿತುಕೊಳ್ಳುವಂತಿರಲಿಲ್ಲ. ಒಮ್ಮೆ ಆಂಬುಲೆನ್ಸಿನಲ್ಲಿ ಹೊರಟು, ಅದರ ಕಿರಿದಾದ ಸ್ಟ್ರೆಚರಿನ ಮೇಲೆ ಬೆಟ್ಟದ ಮೊದಲ ತಿರುವಿಗೇ ಅವಳು ಬಿಳಿಚಿಕೊಂಡು, ಹಾಗೆಯೇ ಹಿಂದಿರುಗಿದ್ದಾಗಿತ್ತು. ಈ ವ್ಯಾನಿನ ಹಿಂದಿನ ಸೀಟುಗಳನ್ನು ತೆಗೆದರೆ ಮಂಚದಷ್ಟು ಅಗಲದ ಸಪಾಟು ನೆಲ ಸಿಗುತ್ತಿತ್ತು; ಅಲ್ಲಲ್ಲಿ ನಿಲ್ಲಿಸಿಕೊಂಡು, ತನ್ನದೇ ಗತಿಯಲ್ಲಿ ಓಡಿಸಬಹುದಿತ್ತು. ಆದರೆ ಮಳೆ ಹಿಡಿದರೆ ಮಣ್ಣು ಕುಸಿಯುವ ಭಯದಿಂದ ಬೆಟ್ಟದ ದಾರಿಯನ್ನು ಮುಚ್ಚುತ್ತಾರೆ. ಅದು ಮತ್ತೆ ತೆರೆಯುವ ಹೊತ್ತಿಗೆ ಅಕ್ಕ ಇರಲಾರಳೆಂದು ಅಲ್ಲಿನ ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಆದುದರಿಂದ ಮಳೆಗೆ ಮುಂಚೆ ಹೊರಡಬೇಕು, ಇಲ್ಲವೇ ಹೊರಡುವ ಮಾತೇ ಇಲ್ಲ.

ಓಣಿಯ ಮೂಲೆಯ ಮೆಕ್ಯಾನಿಕ್ ಮರುದಿನವೇ ತನ್ನ ಸಾಮಾನುಗಳೊಡನೆ ಅಂಗಳಕ್ಕೆ ಬಂದಿಳಿದ. ಮೈ ಭಾರದ, ಬಾಯಿ ಹಗುರದ ಮನುಷ್ಯ.

"ಎಮ್ಮೆ ಥರ ಇದೆ ಸಾರ್ ನಿಮ್ಮ ಗಾಡಿ. ಏಳಕ್ಕೆ ಸೋಮಾರಿತನ, ಎದ್ದು ಹೊರಟ್ರೆ ನಿಲ್ಲಲ್ಲ."

"ನಿಲ್ಲಬೇಕಪ್ಪ. ಮೊದಲು ನಿಲ್ಲೋದು ಕಲಿಸು, ಓಡೋದು ಆಮೇಲೆ."

ಹಾಗೆ ಬ್ರೇಕಿನಿಂದ ಕೆಲಸ ಮೊದಲಾಯಿತು. ಡ್ರಮ್ಮುಗಳನ್ನು ಬಿಚ್ಚಿ, ಸವೆದ ಲೈನರುಗಳನ್ನು ಕಿತ್ತು ಹೊಸವನ್ನು ಕೂರಿಸಿದರು. ಬ್ರೇಕಿನ ಎಣ್ಣೆ ಕೊಳಚೆಯಂತೆ ಕಪ್ಪಾಗಿತ್ತು. ಅದನ್ನು ಪೂರ್ತಿ ಹೊರಹಾಕಿ, ಹೊಸ ಎಣ್ಣೆ ಹೊಯ್ದು, ಗಾಳಿಯ ಗುಳ್ಳೆ ನಿಲ್ಲುವ ತನಕ ಒಬ್ಬ ಪೆಡಲು ತುಳಿಯುತ್ತ, ಇನ್ನೊಬ್ಬ ಕೆಳಗೆ ಸ್ಕ್ರೂ ತಿರುಗಿಸುತ್ತ ಕುಳಿತರು. ಪೆಟ್ರೋಲಿನ ರಬ್ಬರು ಪೈಪುಗಳು ಬೆರಳಿನಿಂದ ಬಗ್ಗಿಸಿದರೆ ಬಿರಿಯುತ್ತಿದ್ದವು, ಎಲ್ಲವೂ ಹೋದವು. ಟೈರುಗಳು ನೋಡಲು ಹೊಸವೇ, ಆದರೆ ನಿಂತಲ್ಲೇ ಮುದಿಯಾಗಿ ಪಕ್ಕಗಳು ಸೀಳಿದ್ದವು, ಅವೂ ಹೋದವು. ಸ್ಟೀರಿಂಗಿನ ಸಡಿಲ ಕಳೆಯಿತು, ಲೈಟುಗಳು ಹತ್ತಿದವು, ವೈಪರು ಮಾತ್ರ ಒಂದು ಸುತ್ತು ಬಂದು ಯೋಚನೆಗೆ ಬಿದ್ದಂತೆ ನಿಂತುಬಿಡುತ್ತಿತ್ತು.

ಹೆಂಡತಿ ಕನ್ನಡಿಯಲ್ಲಿ ಇದನ್ನೆಲ್ಲ ನೋಡುತ್ತ, ಕೋಣೆಯಿಂದಲೇ ಮೇಸ್ತ್ರಿಕೆ ನಡೆಸಿದಳು. "ಏನಪ್ಪಾ, ಆ ಸ್ಪ್ಯಾನರ್ ಮೂರು ಸಲ ಕೆಳಗೆ ಬಿತ್ತು. ಕೈಗೆ ಬೆಣ್ಣೆ ಹಚ್ಕೊಂಡಿದ್ಯಾ?"

"ಅಮ್ಮಾವ್ರೆ, ನೀವು ಎದ್ದು ಓಡಾಡೋ ಹಂಗಿದ್ರೆ ನಾನು ಗ್ಯಾರೇಜ್ ಮುಚ್ಕೊಂಡು ಹೋಗ್ಬೇಕಾಗಿತ್ತು!"

ಅವಳು ನಕ್ಕಳು. ಆ ಮನೆಯಲ್ಲಿ ನಗು ಕೇಳಿ ಬಹುಕಾಲವಾಗಿತ್ತು. ಸಂಜೆ ಫೋನಿನಲ್ಲಿ ಅಕ್ಕನಿಗೆ, "ಬ್ರೇಕ್ ಆಯ್ತು, ಟೈರ್ ಆಯ್ತು. ಮಂಚ ಒಂದು ಕೂರಿಸ್ಬಿಟ್ರೆ ಹೊರಟ್ವಿ ಅಂತಲೇ ತಿಳ್ಕೋ" ಎಂದಳು. ಆ ಕಡೆಯಿಂದ ಬಂದ ದನಿ ಕ್ಷೀಣವಾಗಿದ್ದರೂ ಗದರಿಕೆ ಬಿಟ್ಟಿರಲಿಲ್ಲ: "ನಿಧಾನಕ್ಕೆ ಬನ್ನಿ. ನಾನೇನು ಎದ್ದು ಓಡಿ ಹೋಗಲ್ಲ."

ಉಳಿದದ್ದು ಮಂಚ. ಬ್ರೇಕು ಹಿಡಿದಾಗ ಜಾರದಂತೆ, ತಿರುವಿನಲ್ಲಿ ವಾಲದಂತೆ, ಅದರ ಕಾಲುಗಳನ್ನು ವ್ಯಾನಿನ ನೆಲದ ಮೂಲಕ, ಅಡಿಯಲ್ಲಿ ಎರಡೂ ಪಕ್ಕಕ್ಕೆ ಉದ್ದಕ್ಕೂ ಹರಿದ ಕಬ್ಬಿಣದ ತೊಲೆಗಳಿಗೆ ಬೋಲ್ಟು ಹಾಕಿ ಬಿಗಿಯಬೇಕಿತ್ತು. ಗಾಡಿಯ ಇಡೀ ಭಾರವನ್ನು ಹೊರುವ ತೊಲೆಗಳವು. ದಪ್ಪನೆಯ ಡಾಂಬರು ಬಳಿದಿದ್ದುದರಿಂದ ನುಣ್ಣಗೆ, ಕಪ್ಪಗೆ, ಭದ್ರವಾಗಿ ಕಾಣುತ್ತಿದ್ದವು. ಮೆಕ್ಯಾನಿಕ್ ಡ್ರಿಲ್ಲನ್ನು ಇಟ್ಟು ಒತ್ತಿದ. ಕಬ್ಬಿಣ ಕೊರೆಯುವಾಗ ಕೇಳಬೇಕಾದ ಚೀರು ಕೇಳಿಸಲಿಲ್ಲ. ಡ್ರಿಲ್ಲು ಪೂರ್ತಿ ಒಳಗೆ ಇಳಿದುಹೋಗಿ, ಯಂತ್ರದ ಮೂತಿ ವ್ಯಾನಿನ ನೆಲಕ್ಕೆ ಬಡಿಯಿತು. ಹೊರಗೆ ಎಳೆದಾಗ ಹೊಳೆಯುವ ಸುರುಳಿಗಳ ಬದಲು ಒಂದು ಹಿಡಿ ಕಂದು ಪುಡಿ ಉದುರಿತು.

"ಸಾರ್," ಎಂದ ಮೆಕ್ಯಾನಿಕ್. ಆ ಪುಡಿಯನ್ನು ಅಂಗೈಯಲ್ಲಿ ಹಿಡಿದು ಚಾಚಿದ.

ಗಂಡ ಒಳಗೆ ಹೋಗಿ, ಬಟ್ಟೆಯಲ್ಲಿ ಸುತ್ತಿಟ್ಟಿದ್ದ ತನ್ನ ಸುತ್ತಿಗೆಯನ್ನು ತಂದ. ಜಾಕಿಯಿಂದ ಎತ್ತಿದ ವ್ಯಾನಿನಡಿ ಅಂಗಾತ ಮಲಗಿ, ಮುಂದಿನ ಚಕ್ರದಿಂದ ತಟ್ಟುತ್ತ ಬಂದ. ಮೊದಲ ಗೇಣು ಹಾಡಿತು. ಅಲ್ಲಿಂದಾಚೆಗೆ ಹೂಂ, ಹೂಂ, ಹೂಂ. ನಡುವೆ ಒಂದೆಡೆ ಸುತ್ತಿಗೆ ಡಾಂಬರಿನ ಸಿಪ್ಪೆಯನ್ನು ಒಡೆದು ಒಳಗೇ ಸಿಕ್ಕಿಕೊಂಡಿತು. ಆ ಪಕ್ಕವೂ ಹಾಗೆಯೇ. ಕೋಣೆಯೊಳಗೆ ಮಲಗಿದ್ದವಳು ಪ್ರತಿಯೊಂದು ಪೆಟ್ಟನ್ನೂ ಕೇಳಿದಳು. ಹೊಸದಾಗಿ ಮದುವೆಯಾದಾಗ ಅವನು ಊಟದ ತಟ್ಟೆಯನ್ನೂ ನೀರಿನ ತಗಡಿನ ಬಕೆಟ್ಟನ್ನೂ ತಟ್ಟಿ ತಟ್ಟಿ, ಒಳ್ಳೆಯ ದನಿ ಯಾವುದು ಕೆಟ್ಟದ್ದು ಯಾವುದು ಎಂದು ಅವಳಿಗೆ ಕಲಿಸಿದ್ದ.

"ಬೆಸೆಯಕ್ಕೆ ಆಗಲ್ವಾ?" ಎಂದು ಅವನು ಕೇಳಿದ, ಉತ್ತರ ಗೊತ್ತಿದ್ದೂ ಕೇಳಿದ.

"ಹೊಸ ತಗಡು ಎಷ್ಟು ಬೇಕಾದ್ರೂ ತರ್ತೀನಿ. ಯಾವುದಕ್ಕೆ ಹಚ್ಚಲಿ ಸಾರ್? ಹಿಡ್ಕೊಳ್ಳಕ್ಕೆ ಒಂದು ಅಂಚು ಗಟ್ಟಿ ಇಲ್ಲ. ಮೈಯೆಲ್ಲ ಬೇರೆ ಮಾಡಿ, ತೊಲೆ ಹೊಸದಾಗಿ ಕಟ್ಟಬೇಕು. ಮಳೆ ಮುಗಿದ್ರೂ ಮುಗಿಯಲ್ಲ ಆ ಕೆಲಸ."

ಆ ಹೊತ್ತಿಗೇ ಗೇಟಿನ ಬಳಿ ಗಟ್ಟಿಯಾದ ನಗೆ ಕೇಳಿಸಿತು. ಹೊರಡುವ ಮುಂಚೆ ಒಮ್ಮೆ ಗಾಡಿಯನ್ನು ನೋಡಿಹೋಗುತ್ತೇನೆಂದಿದ್ದ ಕಿವಿ ಮೇಷ್ಟ್ರು, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಕೋಲೂರಿಕೊಂಡು ಬರುತ್ತಿದ್ದರು. ಗಂಡ ವ್ಯಾನಿನಡಿಯಿಂದ ಜಾರಿ ಎದ್ದು, ಸುತ್ತಿಗೆಯನ್ನು ಬೆನ್ನ ಹಿಂದೆ ಹಿಡಿದ. ಕಿವಿ ಮೇಷ್ಟ್ರ ಕಣ್ಣು ಇನ್ನೂ ಚುರುಕಾಗಿತ್ತು.

"ಏನಯ್ಯ ಅದು? ನನ್ನ ಗಾಡಿಗೂ ಸುತ್ತಿಗೆನಾ?"

"ಇಲ್ಲಣ್ಣ… ಮಂಚ ಕೂರಿಸೋದಕ್ಕೆ…"

"ಕೊಡಿಲ್ಲಿ, ಕೊಡಿಲ್ಲಿ. ನಿಂಗೆ ಅನುಮಾನ ಬಂದಿದೆ. ಗುರುವಿನ ಮೇಲೇ ಅನುಮಾನ!" ಎಂದು ಹುಸಿಮುನಿಸಿನಿಂದ ಸುತ್ತಿಗೆಯನ್ನು ಕಿತ್ತುಕೊಂಡು, ಮೆಕ್ಯಾನಿಕ್ಕಿನ ಭುಜ ಹಿಡಿದು ಮೆಲ್ಲಗೆ ಮೊಣಕಾಲೂರಿ, ಅವರು ತೊಲೆಯನ್ನು ತಟ್ಟಿದರು. ಬಹು ಅಂದವಾದ ಪೆಟ್ಟು. ಮಣಿಕಟ್ಟು ಮಾತ್ರ ಆಡಿತು, ತೋಳು ಅಲುಗಲಿಲ್ಲ. ತೊಲೆ ಒದ್ದೆ ಮರದಂತೆ ಹೂಂಗುಟ್ಟಿತು. ತುಕ್ಕಿನ ಪುಡಿ ಅವರ ಅಂಗಿಯ ಬಿಳಿ ತೋಳಿನ ಮೇಲೆ ಉದುರಿತು. ಅವರು ತಲೆಯನ್ನು ಓರೆಮಾಡಿ, ಕಣ್ಣು ಮುಚ್ಚಿ ಆಲಿಸಿದರು. ಎಂದೋ ಕೇಳಿದ ದನಿಯೊಂದು ಅವರೊಳಗೆ ಏಳುತ್ತಿರುವುದು ಮುಖದಲ್ಲಿ ಕಾಣುತ್ತಿತ್ತು. ಆಮೇಲೆ ಗೆದ್ದವರಂತೆ ಕಣ್ತೆರೆದರು.

"ಗಂಟೆ! ಕೇಳ್ತಾ?"

ಮೆಕ್ಯಾನಿಕ್ ಅಂಗಳದ ಇನ್ನೊಂದು ಮೂಲೆಯತ್ತ ಮುಖ ತಿರುಗಿಸಿದ. ಗಂಡನಿಗೆ ಆ ಗಳಿಗೆಯಲ್ಲಿ ಎಲ್ಲವೂ ಅರ್ಥವಾಯಿತು: ಎತ್ತರದ ದನಿ, ಮಾತಾಡುವವರ ತುಟಿಯ ಮೇಲೆಯೇ ನೆಟ್ಟಿರುವ ನೋಟ, ಎಲ್ಲಕ್ಕೂ ಮೊದಲೇ ನಕ್ಕುಬಿಡುವ ಅಭ್ಯಾಸ. ಅವರು ಮೋಸ ಮಾಡಿರಲಿಲ್ಲ. ತಟ್ಟಿಯೇ ಕೊಟ್ಟಿದ್ದರು.

"ಕೇಳ್ತಣ್ಣ," ಎಂದ ಅವನು, ತುಟಿ ಕಾಣುವಂತೆ ಮುಖವೆತ್ತಿ. ಮತ್ತು ಅವರ ತೋಳಿನ ಮೇಲಿನ ಪುಡಿಯನ್ನು, ಧೂಳೆಂಬಂತೆ, ಕೈಯಿಂದ ಒರೆಸಿದ.

ಅವರು ಕಿಟಕಿಯತ್ತ ತಿರುಗಿ, "ಅಕ್ಕನ್ನ ಕಣ್ತುಂಬ ನೋಡ್ಕೊಂಡು ಬಾಮ್ಮ!" ಎಂದು ಕೂಗಿ ಹೇಳಿದರು. ಕನ್ನಡಿಯಲ್ಲಿ ಒಂದು ಕೈ ಮೇಲೆದ್ದು, ಮತ್ತೆ ಇಳಿಯಿತು.

ಅವರು ಹೋದ ಮೇಲೆ, ಮೆಕ್ಯಾನಿಕ್ಕೂ ಸಾಮಾನು ಕಟ್ಟಿಕೊಂಡು ಹೋದ ಮೇಲೆ, ಗಂಡ ಕೈ ತೊಳೆಯದೆಯೇ ಬಂದು ಹೆಂಡತಿಯ ಕಾಲ ಬಳಿ ಕುಳಿತ.

"ಮೇಷ್ಟ್ರಿಗೆ ಹೇಳ್ಬೇಡಿ," ಎಂದಳು.

"ಇಲ್ಲ."

"ಒಂದೇ ಒಂದು ಸಲ ಅಲ್ವಾ ರೀ? ಮೆಲ್ಲಗೆ… ನೀವು ಓಡಿಸಿದ್ರೆ…"

"ತಿರುವಿನಲ್ಲಿ ನಡು ಮುರಿಯುತ್ತೆ. ನೀನು ಮಲಗಿರೋ ಜಾಗದಲ್ಲೇ."

"ಮುರಿದ್ರೆ ಮುರೀಲಿ. ಇಲ್ಲಿ ಮಲ್ಕೊಂಡು ನಾನೇನು ಕಡಿದು ಕಟ್ಟೆ ಹಾಕ್ತಿದೀನಿ?"

ಅವನು ತನ್ನ ಕೈಗಳನ್ನೇ ನೋಡುತ್ತಿದ್ದ. "ಎದುರಿಗೆ ಬರೋರ ಗತಿ?" ಎಂದ.

ಅವಳು ಮುಖವನ್ನು ಗೋಡೆಯ ಕಡೆ ಹೊರಳಿಸಿದಳು. ಆ ಪ್ರಶ್ನೆಯನ್ನು ಅವನು ಯಾರ ಯಾರಿಗೋ ಎಷ್ಟೋ ಸಲ ಹಾಕಿದ್ದನ್ನು ಅವಳು ಊಟದ ಹೊತ್ತಿನಲ್ಲಿ ಅವನ ಬಾಯಿಂದಲೇ ಕೇಳಿ, ಹೆಮ್ಮೆಪಟ್ಟಿದ್ದಳು. ಇನ್ನೊಂದು ಗಾಡಿಯನ್ನು ಹುಡುಕುವಷ್ಟು ಕಾಲವಾಗಲಿ, ಕೊಳ್ಳುವ ಶಕ್ತಿಯಾಗಲಿ ಅವರಿಬ್ಬರಲ್ಲಿ ಉಳಿದಿರಲಿಲ್ಲವೆಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಆಮೇಲೆ ಅವಳು ಫೋನು ಕೇಳಿದಳು. ಅವನು ಅದನ್ನು ಅವಳ ಕಿವಿಗೆ ಹಿಡಿದುಕೊಂಡು ನಿಂತ.

"ಹೊರಟ್ರೇನೇ, ಪುಟ್ಟೀ?"

"ಗಾಡಿ ಸರಿಯಾಗಲಿಲ್ಲಕ್ಕ."

"ನಿನ್ನ ಗಂಡ ಏನಂತಾನೆ?"

"ಆಗಲ್ಲ ಅಂತಾರೆ."

"ಅವನೇ ಆಗಲ್ಲ ಅಂದ್ಮೇಲೆ ಆಗಲ್ಲ ಬಿಡು. ನಿಂಗೆ ಅಂತ ಹಾಸಿಗೆ ಬಿಸಿಲಿಗೆ ಹಾಕ್ಸಿದ್ದೆ. ಒಳಗೆ ತರೋಕೆ ಹೇಳ್ತೀನಿ. ಇಲ್ಲಿ ಮೋಡ ಆಗ್ತಿದೆ."

ಇಲ್ಲಿಯೂ ಮೋಡವಾಗಿತ್ತು. ಅಂಗಳದ ಬೆಳಕು ಬೂದಿಯ ಬಣ್ಣಕ್ಕೆ ತಿರುಗಿ, ವ್ಯಾನಿನ ತಿಳಿಹಸಿರು ಮಾತ್ರ ಮೊದಲಿಗಿಂತ ಚೆಲುವಾಗಿ ಕಾಣುತ್ತಿತ್ತು. ಅವಳು ಕನ್ನಡಿಯಲ್ಲಿ ಅದನ್ನೇ ನೋಡುತ್ತಿದ್ದಳು. ಅದು ಹಾಗೆ ಹೊರಟು ನಿಂತಂತೆ ನಿಂತಿರುವ ತನಕ ತಾನು ಕಣ್ಣು ಕೀಳಲಾರೆನೆಂಬುದು ಅವಳಿಗೆ ತಿಳಿಯಿತು.

"ರೀ, ಗುರುತು ಹಾಕ್ಬಿಡಿ."

"ಯಾಕೆ? ಅದು ಎಲ್ಲಿಗೂ ಹೋಗಲ್ವಲ್ಲ."

"ನಾನು ಹೋಗ್ತಾನೇ ಇರ್ತೀನಿ. ಹಾಕ್ಬಿಡಿ."

ಅವನು ಮೇಜಿನ ಖಾನೆಯಲ್ಲಿ ತಡಕಾಡಿ ಒಂದು ತುಂಡು ಸೀಮೆಸುಣ್ಣವನ್ನು ಹುಡುಕಿಕೊಂಡು ಬಾಗಿಲು ದಾಟಿದ. ಮೊದಲ ಹನಿಗಳು ಬೀಳತೊಡಗಿದ್ದವು. ಅವನು ಮುಂಗಾಜಿನತ್ತ ಕೈಯೆತ್ತಿದಾಗ ಕಿಟಕಿಯಿಂದ ಅವಳ ದನಿ ಬಂತು:

"ಹೊರಗಡೆ ಬೇಡ. ಮಳೆಗೆ ಅಳಿಸಿ ಹೋಗುತ್ತೆ. ಒಳಗಿನಿಂದ ಹಾಕಿ. ದೊಡ್ಡದಾಗಿ ಹಾಕಿ, ನಂಗೆ ಇಲ್ಲಿಗೆ ಕಾಣ್ಬೇಕು."

ಅವನು ಬಾಗಿಲು ತೆರೆದು ಒಳಗೆ ಹತ್ತಿದ. ಗಾಜಿನ ಒಂದು ಮೂಲೆಯಿಂದ ಎದುರು ಮೂಲೆಗೆ ಒಂದು ಗೀಟು, ಮತ್ತೆ ಅಡ್ಡಲಾಗಿ ಇನ್ನೊಂದು ಗೀಟು ಎಳೆದ. ಸುಣ್ಣ ಮುಗಿಯುವ ತನಕ ಅದರ ಮೇಲೆಯೇ ತಿದ್ದಿ ತಿದ್ದಿ ದಪ್ಪ ಮಾಡಿದ. ಹೊರಗೆ ಮಳೆ ಹಿಡಿಯಿತು. ಕನ್ನಡಿಯಲ್ಲಿ ಈಗ ಗಂಡನ ಮುಖ ಕಾಣುತ್ತಿರಲಿಲ್ಲ. ಗುರುತು ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು.