ಜೇಬಿನಲ್ಲಿ ಫ್ಯೂಸು

“ಬಂತಾ?”

“ಬಂತು. ಇನ್ನೊಂದು ಗೇಣು ಬಿಡಿ.”

ಮೇಸ್ತ್ರಿ ಕೆಳಗಿನ ಬೋರ್ಡಿನ ಹತ್ತಿರ ಕುಕ್ಕರಗಾಲಲ್ಲಿ ಕೂತು ಪೈಪಿನೊಳಗೆ ವೈರು ತಳ್ಳುತ್ತಿದ್ದ. ಮಹಡಿಯಲ್ಲಿ, ಅದೇ ಪೈಪಿನ ಇನ್ನೊಂದು ತುದಿಯಲ್ಲಿ, ಹುಡುಗಿ ಅದನ್ನು ಎಳೆದುಕೊಳ್ಳುತ್ತಿದ್ದಳು. ಗೋಡೆಯೊಳಗೆ ವೈರು ಸರಿದು ಹೋಗುವುದು ಅವನ ಅಂಗೈಗೆ ತಿಳಿಯುತ್ತಿತ್ತು. ಎರಡು ವರ್ಷದ ಹಿಂದೆ ಈ ಕೆಲಸವನ್ನು ಅವನು ಒಬ್ಬನೇ ಮಾಡುತ್ತಿದ್ದ. ಕೆಳಗಿನಿಂದ ಒಂದಿಷ್ಟು ತಳ್ಳುವುದು, ಮೆಟ್ಟಿಲು ಹತ್ತಿ ತುದಿ ಬಂದಿದೆಯೇ ಎಂದು ನೋಡುವುದು, ಬಂದಿಲ್ಲವೆಂದರೆ ಮತ್ತೆ ಇಳಿದು ತಳ್ಳುವುದು. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಎಷ್ಟೋ ಸಂಜೆ ಮನೆಯ ಬೀಗ ತೆಗೆಯುವಾಗ, ಬೆಳಗಿನಿಂದ ಗಂಟಲು ಬಳಸಿದ್ದು ಕೆಮ್ಮುವುದಕ್ಕೆ ಮಾತ್ರ ಎಂದು ಅವನಿಗೇ ನಗು ಬರುತ್ತಿತ್ತು. ಎದುರಿಗೆ ಯಾರೂ ಇಲ್ಲದ ನಗು, ಹೊಸ್ತಿಲು ದಾಟುವಷ್ಟರಲ್ಲಿ ಮುಗಿದುಹೋಗುತ್ತಿತ್ತು.

ಮಂಡಿ ನೋವು, ಏಣಿ ಹತ್ತಲು ಒಂದು ಆಳು ಬೇಕು ಎಂದು ಅವನು ಎಲ್ಲರ ಹತ್ತಿರ ಹೇಳಿಟ್ಟಿದ್ದ. ಮಂಡಿ ನೋವೇನೋ ಇತ್ತು. ಆದರೆ ಅವನಿಗೆ ಬೇಕಾಗಿದ್ದದ್ದು ಪೈಪಿನ ಆ ತುದಿಯಿಂದ ಒಂದು ದನಿ. ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

ಕೆಲಸ ಕಲಿಯುತ್ತೇನೆ ಎಂದು ಬಂದ ಇಬ್ಬರು ಹುಡುಗರನ್ನು ಅವನು ಕೇಳಿದ್ದು ಒಂದೇ ಪ್ರಶ್ನೆ: ಕರೆಂಟು ಅಂದರೆ ಭಯ ಇದೆಯಾ? ಒಬ್ಬ ಎದೆಯುಬ್ಬಿಸಿ ಇಲ್ಲವೆಂದ. ಇನ್ನೊಬ್ಬ ಪ್ರಶ್ನೆ ಕೇಳಿಯೇ ನಕ್ಕ. ಇಬ್ಬರಿಗೂ ಟೀ ಕುಡಿಸಿ ಕಳಿಸಿಬಿಟ್ಟ. ಮೂರನೆಯವಳು ಈ ಹುಡುಗಿ, ಅವಳನ್ನು ಚಿಕ್ಕಮ್ಮ ಕರೆದುಕೊಂಡು ಬಂದಳು.

“ಭಯ ಗಿಯ ಏನಿಲ್ಲ ಅಣ್ಣಾ ಇವಳಿಗೆ. ಹಲ್ಲಿ ಬಾಲ ಹಿಡಿದು ಆಚೆ ಬಿಸಾಕ್ತಾಳೆ,” ಎಂದಳು ಚಿಕ್ಕಮ್ಮ.

“ಭಯ ಇದೆ,” ಎಂದಳು ಹುಡುಗಿ. “ಹಲ್ಲಿ ಕಣ್ಣಿಗೆ ಕಾಣುತ್ತೆ. ಇದು ಕಾಣಲ್ಲ.”

ಚಿಕ್ಕಮ್ಮ ಹಣೆ ಚಚ್ಚಿಕೊಂಡಳು. ಮೇಸ್ತ್ರಿ, “ನಾಳೆ ಎಂಟಕ್ಕೆ ಬಾ,” ಎಂದ.

ಮೊದಲ ದಿನದ ಪಾಠ ಫ್ಯೂಸಿನದು. ಮೇನ್ ಬಾಕ್ಸಿನಿಂದ ಬಿಳಿ ಪಿಂಗಾಣಿಯ ಆ ತುಂಡನ್ನು ಕಿತ್ತು ಅವನು ತನ್ನ ಅಂಗಿಯ ಜೇಬಿಗೆ ಹಾಕಿಕೊಂಡ.

“ಕೆಲಸ ಮುಗಿಯೋ ತನಕ ಇದು ಜೇಬಲ್ಲೇ ಇರಬೇಕು. ಬಾಕ್ಸಿನ ಮೇಲಿಟ್ಟು ಹೋಗ್ಬಾರದು. ಮನೆಯವರು ಕೇಳಿದ್ರೂ ಕೊಡಬಾರದು. ಈ ಕೆಲಸದಲ್ಲಿ ಯಾರನ್ನೂ ನಂಬಬೇಡ.”

“ನಿಮ್ಮನ್ನ?”

“ನನ್ನನ್ನೂ.”

ಮಾತಿಗೆ ಒಂದು ಗತ್ತು ಇರಲಿ ಎಂದು ಹಾಗೆ ಹೇಳಿದ್ದ, ಅಷ್ಟೇ.

ಇನ್ನೊಂದು ಉಪಾಯವನ್ನೂ ಹೇಳಿಕೊಟ್ಟಿದ್ದ. ಗುರುತಿಲ್ಲದ ಜನ ಓಡಾಡುವ ಕಡೆ, ಕಾರ್ಖಾನೆಗಳಲ್ಲಿ, ಜೇಬಿನ ಫ್ಯೂಸೊಂದೇ ಸಾಲದು. ಇನ್ಯಾರೋ ಇನ್ನೊಂದು ಫ್ಯೂಸು ತಂದು ಸಿಕ್ಕಿಸಿಬಿಡಬಹುದು. ಅದಕ್ಕೇ ಕೋಣೆಗೆ ಬರುವ ಎರಡು ವೈರುಗಳನ್ನು ಸ್ವಿಚ್ ಬೋರ್ಡಿನಲ್ಲೇ ಬಿಚ್ಚಿ, ತುದಿಗಳನ್ನು ಒಂದಕ್ಕೊಂದು ಹೆಣೆದಿಡಬೇಕು. ಆಗ ಯಾರು ಫ್ಯೂಸು ಹಾಕಿದರೂ ಅದು ಅಲ್ಲೇ ಸುಟ್ಟುಹೋಗುತ್ತದೆ, ಏಣಿಯ ಮೇಲಿದ್ದವರ ತನಕ ಕರೆಂಟು ಬರುವುದಿಲ್ಲ. “ನಮ್ಮಂಥ ಇಬ್ಬರ ಕೆಲಸಕ್ಕೆ ಇದೆಲ್ಲ ಬೇಡ ಬಿಡು. ಫ್ಯೂಸು ನನ್ನ ಜೇಬಲ್ಲಿರುತ್ತಲ್ಲ,” ಎಂದಿದ್ದ.

ಹುಡುಗಿ ಎರಡು ವರ್ಷದಲ್ಲಿ ಕೆಲಸವನ್ನು ಅರೆದು ಕುಡಿದಳು. ಮಾತು ಕಮ್ಮಿ, ಆದರೆ “ಬಂತು” ಎಂದರೆ ಬಂದೇ ಇರುತ್ತಿತ್ತು. ಈಗ ಅವಳ ಲೈಸೆನ್ಸ್ ಪರೀಕ್ಷೆಯ ಅರ್ಜಿಗೆ ಅವನ ಸಹಿ ಬೇಕಾಗಿತ್ತು. ಪಾಸಾದರೆ ದೂರದ ಊರಿನ ಆಸ್ಪತ್ರೆಯೊಂದರಲ್ಲಿ ಕೆಲಸ ಕಾದಿತ್ತು. ಅರ್ಜಿ ತಲುಪಿಸಲು ಶುಕ್ರವಾರ ಕಡೆಯ ದಿನ. ಅದು ಹತ್ತು ದಿನದಿಂದ ಅವನ ಸಾಮಾನಿನ ಚೀಲದಲ್ಲಿ ಟೆಸ್ಟರು, ಟೇಪುಗಳ ಜೊತೆ ಮುದುರಿ ಬಿದ್ದಿತ್ತು, ಇವತ್ತು ಗುರುವಾರ.

“ಮೇಸ್ತ್ರಿ, ಆ ಅರ್ಜಿ...” ಎಂದು ಅವಳು ಬೆಳಿಗ್ಗೆ ಕೇಳಿದ್ದಳು.

“ನೋಡೋಣ. ನಿನ್ನ ಜಾಯಿಂಟು ಇನ್ನೂ ಸಡಿಲ ಬರುತ್ತೆ.”

ಸಡಿಲ ಏನೂ ಇರಲಿಲ್ಲ. ನಿನ್ನೆ ಅವಳು ಹಾಕಿದ ಜಾಯಿಂಟನ್ನು ಅವನು ಇಕ್ಕಳದಿಂದ ಎಳೆದು ನೋಡಿದ್ದ, ಜಪ್ಪಯ್ಯ ಅಂದರೂ ಅಲ್ಲಾಡಿರಲಿಲ್ಲ. ಆದರೂ ಕತ್ತರಿಸಿ, “ಇನ್ನೊಂದ್ಸಲ ಮಾಡು,” ಎಂದಿದ್ದ. ಅವಳು ತುಂಡಾದ ತುದಿಯನ್ನೂ ಅವನನ್ನೂ ಒಮ್ಮೆ ನೋಡಿ, ಮತ್ತೆ ಮಾಡಿದ್ದಳು. ಆ ಹೊತ್ತಿನಲ್ಲಿ ಅವನಿಗೆ ತನ್ನ ಮೇಲೇ ಹೇಸಿಗೆಯಾಗಿತ್ತು, ಆದರೂ ಸಹಿ ಹಾಕಲು ಕೈ ಬಂದಿರಲಿಲ್ಲ.

ವೈರು ಎಳೆದು ಮುಗಿದ ಮೇಲೆ ಹುಡುಗಿ ಮಹಡಿಯ ಕೋಣೆಯಲ್ಲಿ ಫ್ಯಾನಿನ ಕನೆಕ್ಷನ್ನಿಗೆ ಏಣಿ ಹತ್ತಿದಳು. ಮೇಸ್ತ್ರಿ ಕೆಳಗೇ ಉಳಿದು ವೈರಿನ ಈ ತುದಿಯನ್ನು ಬೋರ್ಡಿಗೆ ಸೇರಿಸಿದ. ನಾಳೆ ಒಂದು ದಿನ ಹೇಗಾದರೂ ತಳ್ಳಿಬಿಟ್ಟರೆ ಮುಂದಿನ ಪರೀಕ್ಷೆಗೆ ಇನ್ನೂ ಆರು ತಿಂಗಳು ಎಂದು ಲೆಕ್ಕ ಹಾಕುತ್ತ ಕೂತಿದ್ದ. ಮೇಲೆ ಏಣಿ ಸರಿದ ಸದ್ದಾಯಿತು. ಅಡುಗೆಮನೆಯಿಂದ ಮನೆಯಾಕೆ ಕೇಳಿದಳು.

“ಇನ್ನೆಷ್ಟು ಹೊತ್ತಪ್ಪಾ? ಟ್ಯಾಂಕಿಗೆ ನೀರು ಹತ್ತಿಸ್ಬೇಕು.”

“ಆಯ್ತಮ್ಮಾ, ಮುಗೀತು.”

ಎದ್ದ, ಜೇಬಿಗೆ ಕೈ ಹಾಕಿದ, ಫ್ಯೂಸನ್ನು ಬಾಕ್ಸಿಗೆ ಒತ್ತಿದ.

ಢಂ ಎಂದಿತು. ಬೆರಳ ತುದಿಯಲ್ಲಿ ನೀಲಿ ಬೆಳಕೊಂದು ಹೊಡೆದು, ಹೆಬ್ಬೆರಳಿಗೆ ಮಸಿ ಮೆತ್ತಿಕೊಂಡಿತು. ಮೇಲೆ ಕೆಲಸ ಮುಗಿದಿದೆಯೇ ಎಂದು ತಾನು ಕೂಗಿ ಕೇಳಲೇ ಇಲ್ಲ ಎಂಬುದು ಅವನಿಗೆ ಆಗ ಹೊಳೆಯಿತು.

ಮಂಡಿ ನೋವು ಎಲ್ಲಿ ಹೋಯಿತೋ, ಫ್ಯೂಸನ್ನು ಕಿತ್ತುಕೊಂಡು ಒಂದೇ ಉಸಿರಿಗೆ ಮೆಟ್ಟಿಲು ಹತ್ತಿದ. ಹುಡುಗಿ ಏಣಿಯ ಮೇಲೆಯೇ ಇದ್ದಳು. ಎರಡೂ ಕೈಯಲ್ಲಿ ಬೆತ್ತಲೆ ತಾಮ್ರದ ತುದಿಗಳು. ತಿರುಗಿ ಅವನನ್ನು ನೋಡಿದಳು.

“ಫ್ಯೂಸ್ ಹಾಕಿದ್ರಾ?”

ಅವನು ಗೋಡೆಗೆ ಕೈ ಊರಿಕೊಂಡ. ಪಕ್ಕದಲ್ಲೇ ಕೋಣೆಯ ಸ್ವಿಚ್ ಬೋರ್ಡು ಬಾಯಿ ತೆರೆದುಕೊಂಡಿತ್ತು. ಅದರೊಳಗೆ ಕೆಂಪು ವೈರಿನ ತುದಿಯೂ ಕಪ್ಪು ವೈರಿನ ತುದಿಯೂ ಒಂದಕ್ಕೊಂದು ಹೆಣೆದುಕೊಂಡಿದ್ದವು. ಮೂರು ಸುತ್ತು, ಅಚ್ಚುಕಟ್ಟಾಗಿ, ಜಡೆ ಹೆಣೆದ ಹಾಗೆ.

“ಯಾವತ್ತಿಂದ ಹೀಗೆ ಮಾಡ್ತಿದ್ದೀಯ?”

ಹುಡುಗಿ ಕೆಳಗಿಳಿದು ಏಣಿಯ ಕೊನೆಯ ಮೆಟ್ಟಿಲ ಮೇಲೆ ಕೂತಳು. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಳು.

“ಟೈಲರಮ್ಮನ ಮನೆ ಫ್ಯೂಸು ನಿಮ್ಮ ಜೇಬಲ್ಲೇ ಹೋಯ್ತಲ್ಲ, ಅವತ್ತಿಂದ.”

ಎರಡು ತಿಂಗಳ ಹಿಂದಿನ ಮಾತು. ಕೆಲಸ ಮುಗಿಸಿ ಫ್ಯೂಸನ್ನು ಜೇಬಿನಲ್ಲಿಟ್ಟುಕೊಂಡೇ ಅವನು ಮನೆಗೆ ಹೋಗಿಬಿಟ್ಟಿದ್ದ. ಟೈಲರಮ್ಮ ಸಂಜೆಯೆಲ್ಲ ಮೇಣದಬತ್ತಿ ಹಚ್ಚಿಕೊಂಡು ಕೂತಿದ್ದಳು. ಅವನು ಅದನ್ನೇ ದೊಡ್ಡ ತಮಾಷೆ ಮಾಡಿ ಕಂಡಕಂಡವರಿಗೆ ಹೇಳಿ ನಗಿಸಿದ್ದ. ಹುಡುಗಿ ನಕ್ಕಿರಲಿಲ್ಲ. ಆಗ ಅವನು ಅದನ್ನು ಗಮನಿಸಿರಲಿಲ್ಲ.

“ದಿನಾನಾ?”

“ದಿನಾ. ಇಳಿಯೋಕೆ ಮುಂಚೆ ಬಿಚ್ಚಿ ಸರಿ ಮಾಡಿಬಿಡ್ತಿದ್ದೆ.”

“ಹೇಳಬಹುದಿತ್ತು.”

“ನಿಮಗೆ ಬೇಜಾರಾಗುತ್ತೆ ಅಂತ.”

ಬೇಜಾರು ಎಂದರೆ ಸಣ್ಣ ಮಾತು. ಹುಡುಗಿ ಬದುಕಿದಳಲ್ಲ ಎಂಬ ನೆಮ್ಮದಿ ಒಂದು ಕಡೆ, ತನ್ನ ಕೈಯಿಂದ ಏನಾಗಿಬಿಡುತ್ತಿತ್ತು ಎಂಬ ನಡುಕ ಇನ್ನೊಂದು ಕಡೆ. ಅವೆರಡರ ನಡುವೆ ಬೇರೊಂದು ನೋವಿತ್ತು. ಎರಡು ತಿಂಗಳು ಅವನು ಕೆಳಗೆ ಕೂತು “ಬಂತಾ?” ಎಂದು ಕೇಳಿದಾಗಲೆಲ್ಲ, ಅವಳು ಮೇಲೆ ಗುರುತಿಲ್ಲದವರ ನಡುವೆ ಇರುವಂತೆ ಒಬ್ಬಳೇ ಕೆಲಸ ಮಾಡಿದ್ದಳು. ಅದನ್ನು ಕಲಿಸಿದವನೂ ಅವನೇ.

ಕೆಳಗಿನಿಂದ ಚೀಲ ತಂದು ಅರ್ಜಿಯನ್ನು ಹುಡುಕಿದ. ಏಣಿಯ ಮೆಟ್ಟಿಲ ಮೇಲೆ ಹರಡಿ, ಮುದುರನ್ನು ಅಂಗೈಯಿಂದ ಸವರಿದ. ಮೇಲ್ವಿಚಾರಣೆ ಇಲ್ಲದೆ ಕೆಲಸ ಮಾಡಬಲ್ಲರೇ ಎಂಬ ಪ್ರಶ್ನೆಯ ಮುಂದೆ ಹೌದು ಎಂದು ಬರೆದು ಸಹಿ ಹಾಕಿದ. ಮೂಲೆಯಲ್ಲಿ ಹೆಬ್ಬೆರಳ ಮಸಿ ಮೂಡಿತು.

“ಗಲೀಜಾಯ್ತು,” ಎಂದ.

“ಪರವಾಗಿಲ್ಲ.” ಅರ್ಜಿಯನ್ನು ಮಡಿಸಿಟ್ಟುಕೊಂಡು ಅವಳು ಕೈ ಚಾಚಿದಳು. “ಫ್ಯೂಸ್ ಕೊಡಿ. ತಂತಿ ಸುಟ್ಟಿರುತ್ತೆ, ಬೇರೆ ಕಟ್ತೀನಿ. ಇದು ಮುಗಿಯೋ ತನಕ ನನ್ನ ಹತ್ರನೇ ಇರಲಿ.”

ಅವನು ಕೊಟ್ಟ.

ಎರಡು ತಿಂಗಳಾದ ಮೇಲೆ, ಬಾಡಿಗೆಯವರು ಬಿಟ್ಟುಹೋದ ಹಳೆಯ ಮನೆಯೊಂದಕ್ಕೆ ಹೊಸ ವೈರು ಎಳೆಯುವ ಕೆಲಸ ಬಂತು. ಮಾಲೀಕ ಬೀಗದಕೈ ಕೊಟ್ಟು ತನ್ನ ಪಾಡಿಗೆ ಹೋದ. ಮೇಸ್ತ್ರಿ ಕೆಳಗಿನಿಂದ ತಳ್ಳಿದ, ಮೆಟ್ಟಿಲು ಹತ್ತಿ ನೋಡಿದ, ಬಂದಿರಲಿಲ್ಲ, ಇಳಿದು ಬಂದು ಮತ್ತೆ ತಳ್ಳಿದ. ನಾಲ್ಕನೆಯ ಸಲಕ್ಕೆ ತುದಿ ಬಂತು.

ಫ್ಯಾನಿನ ಕೆಳಗೆ ಏಣಿ ನಿಲ್ಲಿಸಿದ. ಜೇಬು ಮುಟ್ಟಿ ನೋಡಿಕೊಂಡ, ಫ್ಯೂಸು ಇತ್ತು. ಅದರ ಪಕ್ಕದಲ್ಲೇ ಮುಂಬಾಗಿಲ ಬೀಗದಕೈ ಇತ್ತು. ಒಳಗಿನಿಂದ ಅಗುಳಿ ಹಾಕಿಕೊಂಡೇ ಬಂದಿದ್ದ. ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟವನು ತೆಗೆದ. ಗೋಡೆಯ ಬಳಿ ಹೋಗಿ ಬೋರ್ಡಿನ ಮುಚ್ಚಳ ಬಿಚ್ಚಿ, ಕೆಂಪು ತುದಿಯನ್ನೂ ಕಪ್ಪು ತುದಿಯನ್ನೂ ಹೊರಗೆಳೆದು, ಒಂದಕ್ಕೊಂದು ಮೂರು ಸುತ್ತು ಹೆಣೆದ. ಎಳೆದು ನೋಡಿದ. ಆಮೇಲೆ ಏಣಿ ಹತ್ತಿದ.