ಕರಡಿಗೆಯ ಗುರುತು

ಅಯ್ಯನವರು ಹೆಣದ ಅಂಗಿಯ ಗುಂಡಿ ಬಿಚ್ಚಿ, ಒಳಗೆ ಕೈಯಾಡಿಸಿ, ಕೈಯನ್ನು ಹಾಗೇ ಹಿಂದಕ್ಕೆ ತೆಗೆದರು.

"ಲಿಂಗ ಎಲ್ಲದ?" ಎಂದರು.

ಅಂಗಳದಲ್ಲಿ ಮಂದಿ ನೆರೆದಿತ್ತು. ಬಕ್ಕಪ್ಪನನ್ನು ಬೇವಿನ ಗಿಡದ ಕಟ್ಟೆಯ ಮೇಲೆ ಕೂರಿಸಿ, ಕತ್ತು ವಾಲದಂತೆ ಧೋತರದಿಂದ ಗಿಡಕ್ಕೆ ಬಿಗಿದಿದ್ದರು. ಬೆಳಿಗ್ಗೆ ಹುಮನಾಬಾದಿನಿಂದ ಟೆಂಪೋದಲ್ಲಿ ತಂದ ಹೆಣವನ್ನು ಅಣ್ಣ ನಾಗನಾಥ ಹೊಸ್ತಿಲು ದಾಟಗೊಟ್ಟಿರಲಿಲ್ಲ. ಹುಟ್ಟಿದ ಮನೆಯ ಅಂಗಳದಲ್ಲೇ ಬಕ್ಕಪ್ಪ ಪರಸ್ಥಳದವನ ಹಾಗೆ ಕೂತಿದ್ದ. ಹೆಂಡತಿ ಮಾಣಿಕಮ್ಮ ಪಕ್ಕದಲ್ಲಿ ನಿಂತು ಸೆರಗಿನಿಂದ ನೊಣ ಓಡಿಸುತ್ತಿದ್ದಳು. ಅಳು ದಾರಿಯಲ್ಲೇ ಮುಗಿದಿತ್ತು. ಈಗ ಉಳಿದಿದ್ದು ಬರೀ ಸಿಟ್ಟು.

ಸಾಯುವ ಮುಂಚೆ ಅವನು ಕೇಳಿದ್ದು ಒಂದೇ ಮಾತು. "ಹೊಲದಾಗ ಅಪ್ಪನ ಗದ್ದಗಿ ಮಗ್ಗಲಕ ಕೂಡಸ್ರಿ."

"ಎಲ್ಲಿರ್ತದ್ರಿ ಲಿಂಗ, ಸಮುದ್ರದಾಗ ಅದ," ನಾಗನಾಥ ಜಗಲಿಯ ಮೇಲಿನಿಂದಲೇ ಹೇಳಿದ. "ಹಡಗದಾಗ ಮೀನ, ಸೀಗಡಿ ಹೊತ್ತವಗ ಲಿಂಗ ಯಾಕ ಬೇಕು? ಒಗದು ಬಂದಾನ. ಲಿಂಗ ಇಲ್ಲದವಗ ನಮ್ಮ ಹೊಲದಾಗ ಜಾಗಾ ಇಲ್ಲ. ಹುಮನಾಬಾದಿಗೇ ವಾಪಸ್ ಒಯ್ಯರಿ."

ಅಯ್ಯನವರು ಜೋಳಿಗೆಗೆ ಕೈ ಹಾಕಿದರು. "ನನ್ನ ಹತ್ರ ಹೊಸಾದೊಂದು ಅದ. ಕಟ್ಟಿಬಿಡ್ತೀನಿ. ಬಿಸಲ ಏರಾಕತ್ತದ."

"ಬ್ಯಾಡ್ರಿ," ಎಂದ ನಾಗನಾಥ.

"ಬ್ಯಾಡ್ರಿ ಅಯ್ಯನೋರ," ಎಂದಳು ಮಾಣಿಕಮ್ಮ ಕೂಡ. "ಅವರ ಲಿಂಗ ಅವರಿಗೆ ಬೇಕು. ಅದು ಭಾವನೋರ ಹತ್ರ ಅದ."

ನಾಗನಾಥ ನಕ್ಕುಬಿಟ್ಟ. "ಕೇಳಿದ್ರಿಲ್ಲೋ? ಹೆಣದ ಮುಂದ ನಿಂತು ಸುಳ್ಳ ಹೇಳಾಕತ್ಯಾಳ."

*

ಎಪ್ಪತ್ತಮೂರರ ಬೇಸಿಗೆಯಲ್ಲಿ ಬಕ್ಕಪ್ಪ ರಜೆಯ ಮೇಲೆ ಊರಿಗೆ ಬಂದಿದ್ದ. ಅಲ್ಲಿಯವರೆಗೆ ಮನೆಯವರಿಗೆ ತಿಳಿದಿದ್ದು, ಅವನು ಬೊಂಬಾಯಿಯಲ್ಲಿ ಹಡಗಿನ ಖಲಾಸಿ ಅಂತ ಅಷ್ಟೇ. ಹಡಗಿನಲ್ಲಿ ಏನಿರುತ್ತದೆ ಎಂದು ಯಾರೂ ಕೇಳಿರಲಿಲ್ಲ. ಊಟಕ್ಕೆ ಕೂತಾಗ ನಾಗನಾಥನೇ ಕೇಳಿದ. ಸುಳ್ಳು ಹೇಳಲು ಬಾರದ ಬಕ್ಕಪ್ಪ ಉತ್ಸಾಹದಿಂದಲೇ ಹೇಳುತ್ತ ಹೋದ. ಹಡಗಿನ ಹೊಟ್ಟೆಯಲ್ಲಿ ಮನೆಯಷ್ಟು ದೊಡ್ಡ ಥಂಡಿ ಕೋಣೆಗಳಿರುತ್ತವೆ, ಉಗುಳು ನೆಲ ಮುಟ್ಟುವುದರೊಳಗೆ ಗಡ್ಡೆಯಾಗುತ್ತದೆ. ಪೆಟ್ಟಿಗೆಗಳನ್ನು ಗೋಡೆಗೆ ಆನಿಸಬಾರದು, ನಡುನಡುವೆ ಗಾಳಿ ಆಡಲು ಸಂದು ಬಿಡಬೇಕು. ಒಮ್ಮೆ ಕರಗಿದ ಮಾಲು ಮತ್ತೆ ಗಡ್ಡೆ ಕಟ್ಟಿದರೂ ಒಳಗೊಳಗೇ ಕೆಟ್ಟಿರುತ್ತದೆ, ಜಪಾನಿನವರು ಮೂಸಿಯೇ ಹಿಡಿಯುತ್ತಾರೆ.

"ಮಾಲು ಅಂದ್ರ ಏನು?" ಎಂದು ನಾಗನಾಥ ಕೇಳಿದ.

"ಸೀಗಡಿ, ಅಣ್ಣ."

ನಾಗನಾಥ ತಾಟನ್ನು ಮುಂದಕ್ಕೆ ನೂಕಿ ಎದ್ದ. "ಅಪ್ಪ ಕಟ್ಟಿದ ಲಿಂಗ ಅದು. ನಿನ್ನ ಎದಿ ಮ್ಯಾಲ ಇರಬಾರದು. ತಗಿ, ಕೊಡು."

ತಂದೆ ಹೋದ ಮೇಲೆ ಅಣ್ಣನೇ ತಂದೆ. ಬಕ್ಕಪ್ಪ ಎಂಜಲಾಗದ ಎಡಗೈಯಿಂದ ಕೊರಳಿನ ದಾರ ತೆಗೆದು, ಬೆಳ್ಳಿಯ ಕರಡಿಗೆಯನ್ನು ಲಿಂಗದ ಸಮೇತ ಅಣ್ಣನ ಕೈಗಿಟ್ಟ. ಸಂಜೆಗೆ ಸಿಟ್ಟು ಇಳಿದೀತು, ತಿರುಗಿ ಕೊಟ್ಟಾನು ಅಂದುಕೊಂಡಿದ್ದ. ಎಲ್ಲಿಯ ಕೊಡುವುದು. ಕೊಟ್ಟವ ಕೋಡಂಗಿ, ಇಸಕೊಂಡವ ವೀರಭದ್ರ. ಮರುವಾರ ಕೇಳಿದರೆ, "ಯಾವ ಲಿಂಗ?" ಎಂದ ನಾಗನಾಥ.

ಗಂಡಹೆಂಡತಿ ಹುಮನಾಬಾದಿಗೆ ಬಂದು ಬಾಡಿಗೆ ಮನೆ ಹಿಡಿದರು. ಹಡಗಿನ ಕೆಲಸ ಮುಗಿದ ಮೇಲೆ ಬಕ್ಕಪ್ಪ ಬಸ್ ಸ್ಟ್ಯಾಂಡಿನ ಎದುರು ಐಸ್‌ಕ್ಯಾಂಡಿ ಮಾರಿದ. ಬೇರೆ ಲಿಂಗ ಕಟ್ಟಿಸಿಕೊಳ್ಳಿ ಎಂದು ಮಾಣಿಕಮ್ಮ ಎಷ್ಟು ಬಡಕೊಂಡರೂ ಕೇಳಲಿಲ್ಲ. "ನಂದು ಅಣ್ಣನ ಹತ್ರ ಅದ, ಇನ್ನೊಂದ್ಯಾಕ?" ಎನ್ನುತ್ತಿದ್ದ. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಬಳಿದು, ಬರಿದಾದ ಎಡ ಅಂಗೈಯನ್ನೇ ಎದುರಿಗೆ ಹಿಡಿದು ಪೂಜೆ ಮಾಡುತ್ತಿದ್ದ. ಆ ಬರಿಗೈ ನೋಡಿದಾಗಲೆಲ್ಲ ಮಾಣಿಕಮ್ಮ ಭಾವನಿಗೆ ಶಾಪ ಹಾಕುತ್ತಿದ್ದಳು.

*

ಅಯ್ಯನವರು ಅಂಗಿಯನ್ನು ಪೂರ್ತಿ ತೆಗೆದು ವಿಭೂತಿ ಹಚ್ಚಲು ಎದೆ ಒರೆಸಿದರು. ಎಡಗಡೆ, ಮೊಲೆತೊಟ್ಟಿನ ಪಕ್ಕದಲ್ಲಿ, ಬಿಳಿಚಿದ ಹಳೆಯ ಗಾಯದ ಕಲೆಯೊಂದಿತ್ತು. ನಡುವೆ ದುಂಡು, ಎರಡು ತುದಿಗೆ ಚೂಪು.

"ಇದೇನು?"

"ಹಡಗದಾಗ ಬಿಸಿ ಪೈಪ್ ತಾಗಿದ್ದು," ಎಂದಳು ಮಾಣಿಕಮ್ಮ. ಗಂಡ ಅವಳಿಗೆ ಹಾಗೇ ಹೇಳಿದ್ದ.

"ಪೈಪ್ ಅಲ್ಲ, ಭಾಬಿ."

ಮಾತಾಡಿದವನು ಗಯಾಸುದ್ದೀನ್. ಬಕ್ಕಪ್ಪನ ಜೊತೆ ಅದೇ ಹಡಗಿನಲ್ಲಿ ದುಡಿದ ಹುಮನಾಬಾದಿನವನು. ಬೆಳಿಗ್ಗೆ ಟೆಂಪೋದಲ್ಲಿ ಹೆಣವನ್ನು ತೋಳಿನಲ್ಲಿ ಹಿಡಿದುಕೊಂಡು ಬಂದವನೂ ಅವನೇ. ಇಷ್ಟು ಹೊತ್ತು ಗೋಡೆಯ ನೆರಳಿನಲ್ಲಿ ಒಬ್ಬನೇ ಕೂತಿದ್ದ.

"ಇವ ಆ ರಜಾಕ್ಕ ಊರಿಗೆ ಬರೂ ಮುಂಚೆ, ಒಂದಿನ ಹಡಗದಾಗ ಒಂದು ಥಂಡಿ ಕೋಣಿದು ಮಷೀನ್ ಬಂದ್ ಬಿತ್ರಿ. ಮಾಲು ಕರಗೂದರಾಗ ಬಾಜೂ ಕೋಣಿಗೆ ಹಾಕಬೇಕು. ಬಗ್ಗಿ ಬಗ್ಗಿ ಪೆಟಗಿ ಹೊತ್ವಿ. ಆ ಗಡಿಬಿಡ್ಯಾಗ ಇವನ ಬೆಳ್ಳಿ ಡಬ್ಬಿ ಕೋಟಿನ ಹೊರಗ ಬಂದು ಜೋತಾಡಾಕತ್ತಿತ್ತು. ನೋಡಿದಂವನ, ಲಿಂಗ ಮೈ ಬಿಟ್ಟದ ಅಂತ ಹೌಹಾರಿಬಿಟ್ಟ. ಗುಂಡಿ ಕಿತ್ತು ಬೆವತ ಎದಿಗೆ ಒತ್ತಿಗೊಂಡ. ಆ ಥಂಡ್ಯಾಗ ಬೆಳ್ಳಿ ಅಂಟೇ ಬಿಡ್ತು. ಎಳದ್ರ ಬರವಲ್ಲದು. ನಾನ ಓಡಿಹೋಗಿ ಕಿಟ್ಲಿ ತಂದು ಉಗುರುಬೆಚ್ಚಗಿನ ಚಾ ಸುರದೆ. ಬಂತು, ಚರ್ಮಾ ಸಮೇತ."

"ನನಗ ಯಾಕ ಹೇಳಲಿಲ್ಲ?" ಎಂದಳು ಮಾಣಿಕಮ್ಮ.

"ಯಾರಿಗೂ ಹೇಳಬ್ಯಾಡ ಅಂದಿದ್ದ. ಲಿಂಗಾನೇ ಶಿಕ್ಷಾ ಕೊಟ್ಟದ ಅಂತಾರ, ಅಂದ."

"ಮತ್ತ? ಕೊಟ್ಟದಲ್ಲ ಶಿಕ್ಷಾ," ನಾಗನಾಥ ಜಗಲಿಯಿಂದ ಇಳಿದು ಬಂದ. "ಸುಟ್ಟದ್ದಕ್ಕ ಸಿಟ್ಟಿಗೆದ್ದು ಸಮುದ್ರಕ್ಕ ಒಗದಾನ. ಇವನ ಬಾಯಿಂದನ ಬಂತು ನೋಡ್ರಿ."

"ಒಗದಿಲ್ರಿ ಸಾಹುಕಾರ. ಗಾಯ ಇನ್ನೂ ಹಸೀ ಇತ್ತು, ಅದರ ಮ್ಯಾಲೇ ತಿರುಗಿ ಕಟ್ಟಿಗೊಂಡ. ನಾ ಬೈದೆ, ಕೇಳಲಿಲ್ಲ."

"ಮುಸಲರವನ ಸಾಕ್ಷಿ ತಗೊಂಡು ನಮ್ಮ ಕ್ರಿಯಾ ಮಾಡಬೇಕೇನು? ಏ, ಹೆಣ ಎತ್ತಿ ಟೆಂಪೋಕ್ಕ ಹಾಕ್ರಿ."

ಇಬ್ಬರು ಮುಂದೆ ಬಂದು ಧೋತರದ ಗಂಟಿಗೆ ಕೈ ಹಾಕಿದರು. ಮಾಣಿಕಮ್ಮ ಗಂಡನ ಮುಂದೆ ಅಡ್ಡ ನಿಂತಳು.

"ಮುಟ್ಟಿದ್ರ ಕೈ ಕಡದೇನು," ಎಂದಳು. ದನಿ ಏರಿಸಲಿಲ್ಲ. "ಭಾವನೋರ, ಇದ್ದವನ ಎದಿ ಬರಿದು ಮಾಡಿದ್ರಿ. ಸತ್ತವನ ಮ್ಯಾಲೂ ಹಗೀ ಸಾಧಿಸ್ತೀರಿ. ನಿಮ್ಮ ಕೊರಳಾಗಿನ ಲಿಂಗ ಹಿಡದು ಹೇಳ್ರಿ, ನನ್ನ ಹತ್ರ ಇಲ್ಲಂತ. ನಾನ ಇವರನ ಹೊತ್ತು ಒಯ್ತೀನಿ."

ನಾಗನಾಥನ ಕೈ ಕೊರಳ ತನಕ ಹೋಗಿ ನಿಂತಿತು.

ಬಾಗಿಲಲ್ಲಿ ಬಳೆ ಸದ್ದಾಯಿತು. ನಾಗನಾಥನ ಹೆಂಡತಿ ಭಾಗಮ್ಮ ಹೊರಗೆ ಬಂದಳು. ಹತ್ತು ವರ್ಷದಿಂದ ಓರಗಿತ್ತಿಯ ಜೊತೆ ಮಾತು ಬಿಟ್ಟವಳು, ಈಗಲೂ ಅವಳ ಮುಖ ನೋಡಲಿಲ್ಲ. ಸೆರಗಿನ ಗಂಟು ಬಿಚ್ಚಿ, ಒಳಗಿದ್ದದ್ದನ್ನು ಅಯ್ಯನವರ ಮುಂದೆ ಹಿಡಿದಳು.

"ಜ್ವಾಳದ ಕಣಜದಾಗ ಹುಗದಿಟ್ಟಿದ್ರು," ಎಂದಳು.

"ಏ, ಒಳಗ ನಡಿ," ನಾಗನಾಥ ಗದರಿದ.

"ನಡೀತೀನಿ. ನಾಳಿ ನಿಮ್ಮನ್ನೂ ಹಿಂಗ ಕೂಡಸ್ತಾರ. ಅವತ್ತು ಊರ ಮಂದಿ ಬಾಯಿ ಮುಚ್ಚಾಕ ನನ್ನ ಕೈಲೆ ಆಗಂಗಿಲ್ಲ."

ಅಯ್ಯನವರು ಕರಡಿಗೆಯನ್ನು ಒರೆಸಿ ಬಕ್ಕಪ್ಪನ ಎದೆಗೆ ಹಿಡಿದರು. ನಡುವಿನ ದುಂಡು ದುಂಡಿಗೆ ಕೂತಿತು, ಚೂಪು ಚೂಪಿಗೆ. ಕಲೆ ಕಾಣದಾಯಿತು. ಹೆಣ ಎತ್ತಲು ಬಂದವರಿಬ್ಬರೂ ಹಿಂದೆ ಸರಿದರು.

"ಹೊಲಕ್ಕ ನಡೀರಿ," ಎಂದರು ಅಯ್ಯನವರು.

*

ಹೊಲದಲ್ಲಿ ಅಪ್ಪನ ಗದ್ದಿಗೆಯ ಪಕ್ಕ ಗುಂಡಿ ತೆಗೆದರು. ನಾಗನಾಥ ಗುಂಡಿಗೆ ಹತ್ತಿದ ಬದುವಿನ ಮೇಲೆ, ಬೆನ್ನು ಹಾಕಿ ನಿಂತಿದ್ದ. ಬಕ್ಕಪ್ಪನನ್ನು ಗುಂಡಿಯ ಗೂಡಿನಲ್ಲಿ ಕೂರಿಸಿದ ಮೇಲೆ ಮಾಣಿಕಮ್ಮ ಕರಡಿಗೆ ತೆರೆದು ಲಿಂಗವನ್ನು ತೆಗೆದುಕೊಟ್ಟಳು. ಅಯ್ಯನವರು ಅದನ್ನು ಬಕ್ಕಪ್ಪನ ಎಡ ಅಂಗೈಯಲ್ಲಿಟ್ಟು ಬೆರಳು ಮಡಚಿದರು. ದಿನಾ ಬೆಳಿಗ್ಗೆ ಬರಿದಾಗಿದ್ದ ಅದೇ ಅಂಗೈ. ಆಗ ಮಾತ್ರ ಅವಳಿಗೆ ಅಳು ಬಂತು. ಗಯಾಸುದ್ದೀನ್ ಎಲ್ಲರಿಗಿಂತ ಹಿಂದೆ ನಿಂತು ಒಂದು ಹಿಡಿ ಮಣ್ಣು ಹಾಕಿದ. ಯಾರೂ ಬೇಡ ಎನ್ನಲಿಲ್ಲ.

ಮಣ್ಣು ತುಂಬಿದ ಮೇಲೆ ಅವಳು ಬರಿದಾದ ಕರಡಿಗೆಯನ್ನು ಬದುವಿನ ಕಲ್ಲಿನ ಮೇಲಿಟ್ಟಳು.

"ಬೆಳ್ಳಿ ನಿಮ್ಮಪ್ಪಂದು, ಭಾವನೋರ. ಇಟ್ಟಗೋರಿ."

ಮಂದಿ ಕೈಕಾಲು ತೊಳೆಯಲು ಬಾವಿಯ ಕಡೆ ನಡೆದರು. ಕರಡಿಗೆ ಅಲ್ಲೇ ಮಧ್ಯಾಹ್ನದ ಬಿಸಿಲಿಗೆ ಬಿದ್ದಿತ್ತು. ಎಲ್ಲರೂ ದೂರ ಹೋಗುವ ತನಕ ಕಾದು, ನಾಗನಾಥ ಬಗ್ಗಿ ಅದನ್ನು ಎತ್ತಿಕೊಂಡ. ಕಾದ ಬೆಳ್ಳಿ ಅಂಗೈಯನ್ನು ಚುರ್ ಎನಿಸಿತು. ಆ ಕೈಯಿಂದ ಈ ಕೈಗೆ ಬದಲಿಸಿದ, ಈ ಕೈಯಿಂದ ಆ ಕೈಗೆ. ಧೋತರದ ಚುಂಗಿನಲ್ಲಿ ಹಿಡಿಯಲು ಹೋದಾಗ ಅದು ಜಾರಿ, ತಮ್ಮನ ಹಸಿ ಮಣ್ಣಿನ ಮೇಲೆ ಬಾಯಿ ತೆರೆದುಕೊಂಡು ಬಿತ್ತು.